ಕುದುರೆಮುಖವೋ, ಕುಮಾರ ಪರ್ವತವೋ, ಕೊಡಚಾದ್ರಿಯೋ? ಹೋಗಿಬಂದವರು ಹೇಳಿದ್ದು

ಕೇಳಿದವರು, ಹುಬ್ಬಳ್ಳಿ:
ಡಿಸೆಂಬರ್ ಕೊನೇ ವಾರ ರಜೆ ಸಿಕ್ಕಿದೆ. ನಾನು, ಹೆಂಡತಿ, 11 ವರ್ಷದ ಮಗಳು, 61 ವರ್ಷದ ಅಪ್ಪ ನಾಲ್ಕೂ ಜನ ಕರಾವಳಿ ಕಡೆಯ ಘಟ್ಟದಲ್ಲಿ ಒಂದಾದರೂ ಶಿಖರ ಹತ್ತಬೇಕು ಅಂತ ಆಸೆ. ಅಪ್ಪ ದಿನಾ ಬೆಳಗ್ಗೆ ನೃಪತುಂಗ ಬೆಟ್ಟ ಹತ್ತಿ ಇಳೀತಾರೆ, ಆದರೆ ಇಡೀ ದಿನ ನಡೆದ ಅಭ್ಯಾಸ ಇಲ್ಲ. ಮುಳ್ಳಯ್ಯನಗಿರಿಗೆ ಕಾರಲ್ಲಿ ಹೋಗಿ ಮೆಟ್ಟಿಲು ಹತ್ತಿದ್ದಷ್ಟೇ ನಮ್ಮ ಅನುಭವ. ಕುದುರೆಮುಖ, ಕುಮಾರ ಪರ್ವತ, ಕೊಡಚಾದ್ರಿ ಈ ಮೂರರಲ್ಲಿ ಯಾವುದು? ಇಂಬಳದ ಕಾಟ ಎಷ್ಟು? ಪರ್ಮಿಷನ್ ಹೇಗೆ? ಹೋಗಿಬಂದವರು ಹೇಳಿ.

ಕಳಸದಿಂದ:
ಮೊದಲು ಶಿಖರದ ಎತ್ತರ ನೋಡಿ ತೀರ್ಮಾನ ಮಾಡೋದನ್ನ ಬಿಡಿ. ಕುದುರೆಮುಖ 1894 ಮೀಟರ್, ಕುಮಾರ ಪರ್ವತ 1712, ಕೊಡಚಾದ್ರಿ 1343. ಈ ಪಟ್ಟಿ ಓದಿದವರಿಗೆಲ್ಲ ಕುದುರೆಮುಖವೇ ಕಷ್ಟ ಅನ್ಸುತ್ತೆ. ನಡಿಗೆ ಶುರುವಾಗೋದು ಎಲ್ಲಿಂದ ಅಂತ ಯಾರೂ ಕೇಳಲ್ಲ. ಕುದುರೆಮುಖಕ್ಕೆ ನೀವು ಮುಳ್ಳೋಡಿಯಿಂದ ಹೊರಡ್ತೀರಿ, ಅದು ಆಗಲೇ ಸಾವಿರ ಮೀಟರ್ ಆಸುಪಾಸಿನಲ್ಲಿದೆ. ಕುಮಾರ ಪರ್ವತಕ್ಕೆ ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹೊರಟರೆ ಬುಡ ಇರೋದು ನೂರು ಚಿಲ್ಲರೆ ಮೀಟರ್‌ನಲ್ಲಿ. ಅಂದರೆ ಇಲ್ಲಿ ಹತ್ತೋದು ಸುಮಾರು 900 ಮೀಟರ್, ಅಲ್ಲಿ ಸುಮಾರು 1600. ಗಿಡ್ಡ ಬೆಟ್ಟವೇ ಹೆಚ್ಚು ಬೆವರು ಇಳಿಸುತ್ತೆ. ನಮ್ಮ ಘಟ್ಟ ಪಶ್ಚಿಮಕ್ಕೆ ಗೋಡೆ ಹಾಗೆ ನಿಂತಿದೆ, ಪೂರ್ವಕ್ಕೆ ನಿಧಾನ ಇಳಿಯುತ್ತೆ. ಕೆಳಗಿನ ದಕ್ಷಿಣ ಕನ್ನಡದಿಂದ ಹತ್ತಿದರೆ ಒಂದು ಥರ, ಮೇಲಿನ ಮಲೆನಾಡಿಂದ ಹತ್ತಿದರೆ ಇನ್ನೊಂದು ಥರ. ಮನೆಯವರ ಜತೆ ಹೊರಟವರು ಮೇಲಿನಿಂದಲೇ ಹೋಗಿ.

ಹಾಗಂತ ಕುದುರೆಮುಖ ಸಲೀಸು ಅಂತ ಹೇಳಲ್ಲ. ಹೋಗಿ ಬರೋದು ಸೇರಿ 18ರಿಂದ 20 ಕಿ.ಮೀ. ಆಗುತ್ತೆ. ಮುಳ್ಳೋಡಿ ತನಕ ಜೀಪು, ಕಾರು ತಗೊಂಡು ಹೋಗೋ ಸಾಹಸ ಬೇಡ. ಆಮೇಲೆ ಹಳ್ಳ, ಶೋಲಾ ಕಾಡು (ಗುಡ್ಡಗಳ ಸಂದಿಯಲ್ಲಿ ಬೆಳೆಯೋ ದಟ್ಟ ಕಾಡು), ಹುಲ್ಲುಗಾವಲು, ಮತ್ತೆ ಹಳ್ಳ. ಒಂಟಿಮರ ಅಂತ ಒಂದು ಜಾಗ ಇದೆ, ಹೆಸರು ಹೇಳೋ ಹಾಗೆ ಬೋಳು ಏಣಿನ ಮೇಲೆ ಒಂದೇ ಮರ. ಅಲ್ಲಿ ಕೂತರೆ ಮುಂದಿನ ದಾರಿ ಪೂರಾ ಕಾಣುತ್ತೆ: ಹಸಿರು ಬೆನ್ನಿನ ಮೇಲೆ ಗೀರು ಎಳೆದ ಹಾಗೆ ಕಾಲುದಾರಿ, ಅದರ ತುದಿಯಲ್ಲಿ ಇರುವೆ ಗಾತ್ರದ ಜನ. ಮಗಳು ಹತ್ತುತ್ತಾಳೆ, ಅನುಮಾನ ಬೇಡ. ಮಕ್ಕಳ ಕಾಲು ಸೋಲಲ್ಲ, ಅವರಿಗೆ ಬೇಜಾರು ಬರುತ್ತೆ ಅಷ್ಟೆ. ಅಪ್ಪ ಒಂಟಿಮರದ ತನಕ ಬಂದು, ಅಲ್ಲಿ ತೀರ್ಮಾನ ಮಾಡಲಿ. ಗೈಡ್ ಜತೆಗಿದ್ದರೆ ಮನೆಯವರೊಬ್ಬರು ಅಪ್ಪನ ಹತ್ತಿರ ಉಳಿಯಬಹುದು.

ಉಜಿರೆಯಿಂದ:
ಕಳಸದವರು ಹೇಳಿದ್ದು ಸರಿ. ಕುಮಾರ ಪರ್ವತದ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚೇ ಹೆದರಿಸಿದ್ರು ಅಂತ ಕಾಣ್ತದೆ. ಅಥವಾ ಸಾಕಷ್ಟು ಹೆದರಿಸಲಿಲ್ಲವೋ ಏನೋ, ಯಾಕಂದ್ರೆ ಹತ್ತುವುದರ ಬಗ್ಗೆ ಮಾತ್ರ ಹೇಳಿದ್ರು. ತೊಂದರೆ ಇರುವುದು ಇಳಿಯುವುದರಲ್ಲಿ ಮಾರಾಯ್ರೆ.

ಕುಕ್ಕೆಯಿಂದ, ಚಾರಣಿಗರು ಊಟಕ್ಕೆ ನಿಲ್ಲುವ ಗಿರಿಗದ್ದೆಯ ಭಟ್ಟರ ಮನೆವರೆಗೆ ದಟ್ಟ ಕಾಡು, ನೆರಳು, ಆದರೆ ಬೇರು ಕಲ್ಲುಗಳ ಏರು. ಗಿರಿಗದ್ದೆಯಲ್ಲಿ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಉಂಟು. ಅದು ದಾಟಿದ ಮೇಲೆ ಮರವೇ ಇಲ್ಲ, ಬೋಳು ಗುಡ್ಡ. ಒಂಬತ್ತು ಗಂಟೆ ಮೇಲೆ ಅಲ್ಲಿ ನಡೆದರೆ ಡಿಸೆಂಬರಿನಲ್ಲೂ ತಲೆ ಕಾಯ್ತದೆ. ಕಲ್ಲುಮಂಟಪ, ಆಮೇಲೆ ಶೇಷ ಪರ್ವತ. ಹೆಚ್ಚಿನವರು ಶೇಷ ಪರ್ವತವನ್ನೇ ತುದಿ ಅಂತ ತಿಳಿದು ಫೋಟೋ ತೆಗೆದು ಕುಣಿಯುತ್ತಾರೆ, ಆಮೇಲೆ ಎದುರಿಗೆ ಇನ್ನೊಂದು ಕಾಣ್ತದೆ. ನಡುವೆ ಕಾಡಿನೊಳಗೆ ಇಳಿದು ಬಂಡೆ ಹತ್ತಿ ಹೋಗಬೇಕು. ಒಂದು ಕಡೆಗೆ 13 ಕಿ.ಮೀ. ಆಸುಪಾಸು. ಅಷ್ಟಾದ ಮೇಲೆ 1600 ಮೀಟರ್ ವಾಪಸ್ ಇಳಿಯಬೇಕಲ್ಲ, ಆವಾಗ ಮಂಡಿ ಮಾತಾಡ್ತದೆ. ತೊಡೆ ನಡುಗಲಿಕ್ಕೆ ಶುರುವಾದರೆ ಕಾಲು ಎಲ್ಲಿ ಇಡ್ತೇವೆ ಅಂತ ನಮಗೇ ಗೊತ್ತಾಗುವುದಿಲ್ಲ. ನಾನು ನೋಡಿದ ಉಳುಕು, ಬೀಳು ಎಲ್ಲ ಇಳಿಯುವಾಗಲೇ ಆದದ್ದು, ಅದೂ ಕುಕ್ಕೆ ಪೇಟೆ ಇನ್ನೇನು ಸಿಕ್ಕಿತು ಎನ್ನುವ ಕೊನೆಯ ಕಾಡಿನಲ್ಲಿ.

ಕುಮಾರ ಪರ್ವತವೇ ಬೇಕು ಅಂತಿದ್ದರೆ ಸೋಮವಾರಪೇಟೆ ಕಡೆಯಿಂದ, ಬೀದಳ್ಳಿಯ ಹೆಗ್ಗಡೆಮನೆ ದಾರಿ ಹಿಡಿಯಿರಿ. ಘಟ್ಟದ ಮೇಲಿನಿಂದಲೇ ಶುರು, ದೂರ ಹೆಚ್ಚುಕಡಿಮೆ ಅರ್ಧ. ಒಂದು ಕಡೆ ಇಳಿಜಾರು ಬಂಡೆ ಉಂಟು, ಒದ್ದೆ ಇದ್ದರೆ ಮಗುವನ್ನು ಹತ್ತಿಸಬೇಡಿ. ಶಿಖರದಲ್ಲಿ ಟೆಂಟ್ ಹಾಕಲಿಕ್ಕೆ ಬಿಡುವುದಿಲ್ಲ. ಪುಷ್ಪಗಿರಿ ವನ್ಯಧಾಮ ಅದು, ಆನೆ ಓಡಾಡುವ ಜಾಗ.

ನನ್ನನ್ನು ಕೇಳಿದರೆ ಹೊಸಬರು ಮೊದಲು ನಮ್ಮ ಬೆಳ್ತಂಗಡಿಯ ಗಡಾಯಿಕಲ್ಲು ಹತ್ತಿ ನೋಡಬೇಕು. ಒಂದೇ ಬಂಡೆ, ಸಾವಿರದ ಎಂಟುನೂರರಷ್ಟು ಮೆಟ್ಟಿಲು, ಮೇಲೆ ಟಿಪ್ಪು 1794ರಲ್ಲಿ ಕಟ್ಟಿಸಿದ ಜಮಲಾಬಾದ್ ಕೋಟೆ. ತಾಯಿಯ ಹೆಸರು ಇಟ್ಟದ್ದು ಅಂತ ಹೇಳ್ತಾರೆ. ಬೆಳಗ್ಗೆ ಬೇಗ ಹತ್ತಿ ಇಳಿಯಿರಿ. ಮಾರನೇ ದಿನ ಅಪ್ಪನಿಗೆ ಮೆಟ್ಟಿಲು ಇಳಿಯಲಿಕ್ಕೆ ಕಷ್ಟ ಆಗದಿದ್ದರೆ ಕುದುರೆಮುಖಕ್ಕೆ ಧೈರ್ಯದಿಂದ ಕರೆದುಕೊಂಡು ಹೋಗಿ. ಗಡಾಯಿಕಲ್ಲಿನ ಮೇಲಿಂದಲೇ ಕುದುರೆಮುಖದ ಸಾಲು ಎದುರಿಗೆ ಕಾಣ್ತದೆ.

ಕುಂದಾಪುರದಿಂದ:
ಕೊಡಚಾದ್ರಿ ಬಗ್ಗೆ ಯಾರೂ ಮಾತಾಡಲೇ ಇಲ್ಲವಲ್ಲ! ನಾಲ್ಕೂ ಜನ ಒಟ್ಟಿಗೆ ತುದಿ ಮುಟ್ಟಬೇಕು ಅಂತಿದ್ದರೆ ಇದೇ ಸರಿ. ಕೊಲ್ಲೂರಿಂದ ನಿಟ್ಟೂರು, ಕಟ್ಟಿನಹೊಳೆ ಮೇಲೆ ಜೀಪು ಹೋಗುತ್ತೆ. ಜೀಪು ಅಂದೆ, ರಸ್ತೆ ಅನ್ನಲಿಲ್ಲ. ಬೆನ್ನು ನೋವು ಇರುವವರು ಮುಂದಿನ ಸೀಟು ಕೇಳಿ ಹಿಡಿಯಿರಿ. ಮೇಲೆ ಮೂಲ ಮೂಕಾಂಬಿಕೆ ಗುಡಿ, ಅದರ ಎದುರಿನ ಕಬ್ಬಿಣದ ಕಂಬ ನೋಡಿ: ಈ ಮಳೆಯಲ್ಲಿ ನಿಂತೂ ಹೇಗೆ ಉಳಿದಿದೆ ಅಂತ ಆಶ್ಚರ್ಯ ಆಗುತ್ತೆ. ಅಲ್ಲಿಂದ ಸರ್ವಜ್ಞ ಪೀಠಕ್ಕೆ ನಡೆದೇ ಹೋಗಬೇಕು, ಎರಡು ಕಿ.ಮೀ. ಒಳಗೆ. ಆದಿ ಶಂಕರರು ತಪಸ್ಸು ಮಾಡಿದ ಜಾಗ ಅಂತ ನಂಬಿಕೆ. ಚಿಕ್ಕ ಕಲ್ಲಿನ ಮಂಟಪ, ಸುತ್ತ ಗಾಳಿ. ಮಂಜು ಇಲ್ಲದ ಸಂಜೆ ಸಮುದ್ರ ಕಾಣುತ್ತೆ.

ಮಗಳಿಗೆ ನಡೆಯುವ ಹುರುಪು ಇದ್ದರೆ ನೀವಿಬ್ಬರು ಹಿಡ್ಲುಮನೆ ಜಲಪಾತದ ದಾರಿಯಲ್ಲಿ ಹತ್ತಿ, ಅಪ್ಪ ಮತ್ತು ನಿಮ್ಮ ಮನೆಯವರು ಜೀಪಲ್ಲಿ ಬರಲಿ. ಜಲಪಾತದ ಪಕ್ಕದ ಏರು ಕಡಿದು. ಕೈ ಊರಿ ಹತ್ತಬೇಕಾದ ಜಾಗಗಳಿವೆ, ಗೊತ್ತಿದ್ದವರ ಜತೆ ಹೋಗಿ.

ಬೆಂಗಳೂರಿನಿಂದ:
ಡಿಸೆಂಬರ್‌ಗೆ ಯಾಕೆ ಹೋಗ್ತೀರಾ? ಕುದುರೆಮುಖ ನೋಡಬೇಕಾದ್ದು ಆಗಸ್ಟ್‌ನಲ್ಲಿ. ಆ ಹಸಿರು ಬೇರೆ ತಿಂಗಳಲ್ಲಿ ಸಿಗಲ್ಲ. ನಾವು ಗೆಳೆಯರು ಯಾವಾಗಲೂ ಮಳೆಯಲ್ಲೇ ಹೋಗೋದು.

ಕಳಸದಿಂದ:
ನೀವು ಗೆಳೆಯರು. ಇವರು ಮಗು, ಹಿರಿಯರ ಜತೆ ಬರ್ತಾ ಇದ್ದಾರೆ. ಆಗಸ್ಟ್‌ನಲ್ಲಿ ಹೋಗುವಾಗ ಮೊಣಕಾಲು ಮಟ್ಟ ಇದ್ದ ಹಳ್ಳ ಬರುವಾಗ ಸೊಂಟಕ್ಕೆ ಬರುತ್ತೆ. ಮೇಲೆ ಎಲ್ಲೋ ಸುರಿದ ಮಳೆ ಇಲ್ಲಿ ಗೊತ್ತೇ ಆಗಲ್ಲ. ಇನ್ನು ಹಸಿರು ನೋಡಬೇಕು ಅಂದರೆ ಮಂಜು ಸರಿಯಬೇಕಲ್ಲ? ಆಗಸ್ಟ್‌ನಲ್ಲಿ ತುದಿಗೆ ಹೋಗಿ ಬಿಳಿ ಗೋಡೆ ನೋಡಿ ಬಂದವರೇ ಜಾಸ್ತಿ. ಡಿಸೆಂಬರ್ ಹೊತ್ತಿಗೆ ಹುಲ್ಲು ಹೊಂಬಣ್ಣಕ್ಕೆ ತಿರುಗಿರುತ್ತೆ, ಬೆಳಗ್ಗೆ ಆಕಾಶ ತೊಳೆದಿಟ್ಟ ಹಾಗೆ. ಫೆಬ್ರವರಿ ಮೇಲೆ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸ್ತಾರೆ. ಇವರು ಆರಿಸಿದ ತಿಂಗಳೇ ಸರಿ. ಒಂದೇ ತೊಂದರೆ, ಡಿಸೆಂಬರ್ ಕೊನೇ ವಾರ ಎಲ್ಲರಿಗೂ ರಜೆ.

ತೀರ್ಥಹಳ್ಳಿಯಿಂದ (ಆರೋಗ್ಯ ಇಲಾಖೆಯಲ್ಲಿ ಕೆಲಸ):
ಇಂಬಳದ ಬಗ್ಗೆ ಕೇಳಿದ್ದೀರಿ. ಡಿಸೆಂಬರ್‌ನಲ್ಲಿ ಇಂಬಳ ಕಡಿಮೆ, ಶೋಲಾ ಒಳಗಿನ ತಂಪಲ್ಲಿ ಒಂದೆರಡು ಸಿಕ್ಕಬಹುದು. ಹತ್ತಿದರೆ ಕಿತ್ತು ಎಳೀಬೇಡಿ, ಅದು ಕಚ್ಚಿ ಹಿಡಿದ ಬಾಯಿಯ ಹತ್ತಿರ ಉಗುರಿನಿಂದ ಸರಿಸಿ ಬಿಡಿಸಿ. ರಕ್ತ ಸ್ವಲ್ಪ ಹೊತ್ತು ಹರಿಯುತ್ತೆ, ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಜೊಲ್ಲಿನಲ್ಲಿದೆ. ತೊಳೆದು ಹತ್ತಿ ಒತ್ತಿ ಹಿಡಿದರೆ ಸಾಕು. ಇಂಬಳದಿಂದ ಯಾರೂ ಆಸ್ಪತ್ರೆಗೆ ಬಂದು ಮಲಗಿದ್ದು ನಾನು ಕಂಡಿಲ್ಲ.

ನೀವು ಕೇಳಬೇಕಾಗಿದ್ದು ಉಣುಗಿನ ಬಗ್ಗೆ. ಮಂಗನ ಕಾಯಿಲೆ ಅನ್ನೋ ವೈರಸ್ ಜ್ವರ ಹರಡೋದು ಅದರಿಂದಲೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು, ಈಗ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆ ಪ್ರತಿ ವರ್ಷ ಕೇಳಿಬರುತ್ತೆ. ಅದರ ಕಾಲ ಡಿಸೆಂಬರ್‌ನಿಂದ ಮೇ, ನೀವು ಬರುವ ಹೊತ್ತೇ. ಹೆದರಿ ಪ್ರಯಾಣ ರದ್ದು ಮಾಡಿ ಅಂತ ಹೇಳ್ತಿಲ್ಲ. ತಿಳಿ ಬಣ್ಣದ ಪೂರ್ತಿ ತೋಳಿನ ಅಂಗಿ, ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ. ತರಗೆಲೆ ಮೇಲೆ ಕೂರಬೇಡಿ, ಬಂಡೆ ಮೇಲೆ ಕೂತ್ಕೊಳ್ಳಿ. ಹೊರಡುವ ಮುಂಚೆ ಉಣುಗು ನಿವಾರಕ ಎಣ್ಣೆ ಹಚ್ಚಿ. ರೂಮಿಗೆ ಬಂದ ತಕ್ಷಣ ಬಿಸಿನೀರಿನ ಸ್ನಾನ, ಬಟ್ಟೆ ನೆನೆಹಾಕಿ. ಮಗಳ ಕಿವಿ ಹಿಂದೆ, ಕಂಕುಳು, ಮಂಡಿ ಹಿಂದಿನ ಮಡಿಕೆ ನೋಡಿ. ಮರಿ ಉಣುಗು ಸಾಸಿವೆಗಿಂತ ಸಣ್ಣ, ಮಚ್ಚೆ ಅಂದ್ಕೊಂಡು ಬಿಟ್ಟುಬಿಡ್ತಾರೆ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಊರವರಿಗೆ ತಿಳಿಸಿ. ಹುಬ್ಬಳ್ಳಿಗೆ ಹೋದ ವಾರದಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ "ಮಲೆನಾಡಿನ ಕಾಡಿಗೆ ಹೋಗಿದ್ವಿ" ಅಂತ ಡಾಕ್ಟರಿಗೆ ಮೊದಲೇ ಹೇಳಿ. ಅಲ್ಲಿನವರಿಗೆ ಈ ಕಾಯಿಲೆ ತಟ್ಟನೆ ನೆನಪಿಗೆ ಬರಲಿಕ್ಕಿಲ್ಲ.

ಮಂಗಳೂರಿನಿಂದ:
ಪರ್ಮಿಷನ್ ವಿಷಯ. 2024ರ ಜನವರಿ 26ರ ರಜೆಗೆ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದ ಫೋಟೋ ನೋಡಿರಬೇಕು ನೀವು, ಜಾತ್ರೆ ಅದು. ಆಮೇಲೆ ಸರಕಾರ ಚಾರಣ ನಿಲ್ಲಿಸಿ ಆನ್‌ಲೈನ್ ಬುಕ್ಕಿಂಗ್ ತಂದದ್ದು. ಈಗ ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಟಿಕೆಟ್ ಮಾಡಬೇಕು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಉಂಟು. ಗುರುತಿನ ಚೀಟಿ ಎಲ್ಲರದ್ದೂ ಒಯ್ಯಿರಿ. ಬುಕ್ಕಿಂಗ್ ಆಗುವ ಮೊದಲು ಹೋಮ್‌ಸ್ಟೇಗೆ ಅಡ್ವಾನ್ಸ್ ಕೊಡಬೇಡಿ. "ಟಿಕೆಟ್ ನಾವೇ ಮಾಡಿಸ್ತೇವೆ" ಅಂತ ಒಬ್ಬರು ಹಣ ತಗೊಂಡು, ಬೆಳಗ್ಗೆ ಗೇಟಿನಲ್ಲಿ ನಮ್ಮ ಹೆಸರೇ ಇರಲಿಲ್ಲ.

ಬಜಗೋಳಿ ಕಡೆಯಿಂದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ನಡುವೆ ಬರುವುದಾದರೆ ಚೆಕ್‌ಪೋಸ್ಟಿನಲ್ಲಿ ಸಮಯ ಬರೆದು ಚೀಟಿ ಕೊಡ್ತಾರೆ, ನಡುವೆ ಎಲ್ಲೆಂದರಲ್ಲಿ ಗಾಡಿ ನಿಲ್ಲಿಸುವಂತಿಲ್ಲ. ಅಲ್ಲಿನ ಕಬ್ಬಿಣದ ಅದಿರಿನ ಗಣಿ ನಿಂತದ್ದು 2005ರ ಕೊನೆಗೆ. ಕುದುರೆಮುಖ ಪೇಟೆಯ ಖಾಲಿ ಕ್ವಾರ್ಟರ್ಸ್ ದಾರಿಯಲ್ಲೇ ಕಾಣ್ತದೆ, ಮಗಳಿಗೆ ತೋರಿಸಿ.

ಕೇಳಿದವರು, ಹುಬ್ಬಳ್ಳಿ:
ಎಲ್ಲರಿಗೂ ಧನ್ಯವಾದ. ಕುಮಾರ ಪರ್ವತ ಕೈಬಿಟ್ಟೆವು. ಅಪ್ಪ "ಜೀಪಿನ್ಯಾಗ ಹೋಗೋದು ಏನ್ ಹತ್ತಿದಂಗಾತು" ಅಂತ ಮುನಿಸಿಕೊಂಡಾರ. ಎರಡೂ ಸೇರಿಸಲು ಆಗುತ್ತದೆಯೇ?

ಕುಂದಾಪುರದಿಂದ:
ಧಾರಾಳವಾಗಿ. ನಿಮಗೆ ಹುಬ್ಬಳ್ಳಿಯಿಂದ ಕೊಲ್ಲೂರು ಮೊದಲು ಸಿಗುತ್ತೆ. ಮೊದಲ ದಿನ ಕೊಡಚಾದ್ರಿ. ಅಪ್ಪನಿಗೆ ಸರ್ವಜ್ಞ ಪೀಠದ ಏರು ಇದೆಯಲ್ಲ, ಕಾಲಿನ ಪರೀಕ್ಷೆ ಅಲ್ಲೇ ಆಗಲಿ. ಮಾರನೇ ದಿನ ತೀರ್ಥಹಳ್ಳಿ, ಶೃಂಗೇರಿ ಮೇಲೆ ಕಳಸಕ್ಕೆ ಬನ್ನಿ, ಆ ದಿನ ನಡಿಗೆ ಬೇಡ, ಹೊರನಾಡಿನಲ್ಲಿ ಊಟ ಮಾಡಿ ಬೇಗ ಮಲಗಿ. ಮೂರನೇ ದಿನ ಕುದುರೆಮುಖ.

ಕಳಸದಿಂದ:
ಈ ಯೋಜನೆ ನನಗೂ ಒಪ್ಪಿಗೆ. ಬೆಳಗ್ಗೆ ಆರು ಗಂಟೆಗೆ ಜೀಪು ಹತ್ತಿ, ತಡವಾದರೆ ಗೇಟಿನಲ್ಲಿ ಬಿಡಲ್ಲ. ತಲೆಗೆ ಎರಡು ಲೀಟರ್ ನೀರು, ಸ್ಟೀಲ್ ಬಾಟಲಿಯಲ್ಲಿ. ಪ್ಲಾಸ್ಟಿಕ್ ಇದ್ದರೆ ಚೀಲ ಬಿಚ್ಚಿಸ್ತಾರೆ. ಹೋಮ್‌ಸ್ಟೇಯವರು ಪಲಾವ್ ಕಟ್ಟಿಕೊಡ್ತಾರೆ, ಅದು ಮಧ್ಯಾಹ್ನಕ್ಕೆ ಮುದ್ದೆ ಆಗಿರುತ್ತೆ. ನಿಮ್ಮ ಕಡೆಯ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತನ್ನಿ, ಅದಕ್ಕಿಂತ ಒಳ್ಳೆ ಬುತ್ತಿ ಇಲ್ಲ. ಅಪ್ಪನಿಗೆ ಹೊಸ ಶೂ ಕೊಡಿಸಿ ನೇರ ಬೆಟ್ಟಕ್ಕೆ ಕರ್ಕೊಂಡು ಬರಬೇಡಿ, ನೃಪತುಂಗ ಬೆಟ್ಟದಲ್ಲಿ ಎರಡು ವಾರ ಹಾಕಿ ಪಳಗಿಸಲಿ. ಇಳಿಯೋಕೆ ಒಂದು ಬಿದಿರು ಕೋಲು ಇಲ್ಲೇ ಸಿಗುತ್ತೆ. ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದೀರೋ ಅಲ್ಲಿಂದ ವಾಪಸ್, ತುದಿ ಎದುರಿಗೇ ಕಾಣ್ತಿದ್ದರೂ.

ಕುದುರೆಮುಖಕ್ಕೆ ಟಿಕೆಟ್ ಸಿಗದಿದ್ದರೆ ಸಂಸೆ ಕಡೆಯ ನೇತ್ರಾವತಿ ಶಿಖರ ನೋಡಿ, ದೂರ ಕಡಿಮೆ. ಅದೂ ಇಲ್ಲ ಅಂದರೆ ಭಗವತಿ ಪ್ರಕೃತಿ ಶಿಬಿರದ ಹತ್ತಿರದ ಕುರಿಂಜಲ್. ಬಹುಪಾಲು ಹಳೇ ಜೀಪ್ ದಾರಿ, ನೆರಳಿದೆ, ಏರು ನಿಧಾನ. ನಿಜ ಹೇಳಬೇಕು ಅಂದರೆ ನಿಮ್ಮ ಅಪ್ಪನಿಗೆ ಅದೇ ಹೆಚ್ಚು ಹಿಡಿಸಬಹುದು.