ಡೆಂಗಿ ಜ್ವರ ಬಿಟ್ಟಿದೆ, ಆದರೆ ಮಲಗಲು ಮನಸ್ಸು ಒಪ್ಪುತ್ತಿಲ್ಲ: ಅನುಭವ ಇದ್ದವರು ಹೇಳಿ

ಪೀಣ್ಯದ ಕಡೆ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುತ್ತೇನೆ. ರಕ್ತಪರೀಕ್ಷೆಯಲ್ಲಿ ಡೆಂಗಿ ಎಂದು ಬಂತು. ಆಸ್ಪತ್ರೆಗೆ ಸೇರುವುದು ಬೇಡ, ಮನೆಯಲ್ಲೇ ವಿಶ್ರಾಂತಿ ತೆಗೆದುಕೊಳ್ಳಿ ಎಂದರು ವೈದ್ಯರು. ನಿನ್ನೆ ರಾತ್ರಿ ಜ್ವರ ಬಿಟ್ಟಿದೆ. ಮೈಯಲ್ಲಿ ಕಸುವಿಲ್ಲ, ಆದರೂ ನಲ್ಲಿಯಲ್ಲಿ ನೀರು ಬಂದ ಸದ್ದಾದರೆ ಎದ್ದು ಕೂರುತ್ತೇನೆ. ಯಜಮಾನರು ಆಟೋ ಓಡಿಸುತ್ತಾರೆ. ಅವರು ಮನೆಯಲ್ಲಿ ಕೂತರೆ ಆ ದಿನದ ದುಡಿಮೆ ಇಲ್ಲ. ಇಬ್ಬರು ಮಕ್ಕಳು. ವಠಾರದವರು ಊಟ ತಂದುಕೊಡುತ್ತಿದ್ದಾರೆ. ಅವರ ಮೂರು ಸ್ಟೀಲ್ ಡಬ್ಬಿಗಳನ್ನು ತೊಳೆದು ಅಡುಗೆಕಟ್ಟೆಯ ಮೇಲೆ ಬೋರಲು ಹಾಕಿದ್ದೇನೆ. ಖಾಲಿ ಡಬ್ಬಿ ಹೇಗೆ ಹಿಂದಿರುಗಿಸುವುದು ಎಂಬ ಸಂಕೋಚ ಬೇರೆ. ನಾಳೆಯಿಂದ ಕೆಲಸಕ್ಕೆ ಹೋಗಿಬಿಡಲೇ ಎನ್ನಿಸುತ್ತಿದೆ. ಇಂಥ ಹೊತ್ತಿನಲ್ಲಿ ನೀವೆಲ್ಲ ಏನು ಮಾಡಿದಿರಿ?

ನಿವೃತ್ತ ನರ್ಸ್, ಮೈಸೂರು:

ನೋಡಮ್ಮ, ವಾರ್ಡಿನಲ್ಲಿ ನಾನು ಹೆಚ್ಚು ಗದರಿದ್ದು ನಿನ್ನಂಥವರನ್ನೇ. ಬೇರೆ ಜ್ವರದ ಲೆಕ್ಕ ಡೆಂಗಿಗೆ ಸಲ್ಲುವುದಿಲ್ಲ. ಜ್ವರ ಸಾಮಾನ್ಯವಾಗಿ ಎರಡರಿಂದ ಏಳು ದಿನ ಇರುತ್ತದೆ. ಅದು ಇಳಿದ ನಂತರದ 24ರಿಂದ 48 ಗಂಟೆಯೇ ಗಂಡಾಂತರದ ಹೊತ್ತು. ಕೆಲವರಿಗೆ ಆಗ ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯುತ್ತದೆ. ಮೈ ತಣ್ಣಗಾಯಿತು, ಇನ್ನೇನು ಗುಣವಾಯಿತು ಎಂದು ಮನೆಯವರು ನಿಶ್ಚಿಂತರಾಗುವುದೂ ಆಗಲೇ.

ಬಲವಾದ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲೋ ಮೂಗಿನಲ್ಲೋ ರಕ್ತ, ಕಪ್ಪು ಮಲ, ಕೈಕಾಲು ತಣ್ಣಗಾಗುವುದು, ಉಸಿರಾಟಕ್ಕೆ ಕಷ್ಟ, ವಿಪರೀತ ಮಂಪರು ಅಥವಾ ಚಡಪಡಿಕೆ, ಆರು ಗಂಟೆ ಕಳೆದರೂ ಮೂತ್ರ ಬಾರದಿರುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು, ಹೊತ್ತು ನೋಡದೆ ಆಸ್ಪತ್ರೆಗೆ ಹೋಗಬೇಕು. ಮಂಪರು ಕವಿದವಳಿಗೆ ತನಗೆ ಮಂಪರು ಕವಿದಿದೆ ಎಂದು ತಿಳಿಯುವುದಿಲ್ಲ. ಅದಕ್ಕೇ ಪಕ್ಕದಲ್ಲಿ ಇನ್ನೊಬ್ಬರು ಇರಬೇಕು ಎನ್ನುವುದು. ನಿನಗೆ ಈಗ ಬೇಕಾದ ನೆರವು ಊಟಕ್ಕಿಂತ ಹೆಚ್ಚಾಗಿ ಎರಡು ಕಣ್ಣು. ಮಧ್ಯಾಹ್ನ ಒಬ್ಬರು, ಸಂಜೆ ಒಬ್ಬರು ಬಂದು ಮಾತನಾಡಿಸಿ ಹೋಗಲಿ.

ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಮಾತ್ರ, ಅದೂ ವೈದ್ಯರು ಹೇಳಿದಷ್ಟೇ. ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೊಫೆನಾಕ್ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಔಷಧ ಅಂಗಡಿಯವರು ಕೊಟ್ಟರೆಂದು ನುಂಗಬೇಡ. ಪರಂಗಿ ಎಲೆಯ ರಸವನ್ನು ಯಾರಾದರೂ ತಂದೇ ತರುತ್ತಾರೆ. ಖಾಲಿ ಹೊಟ್ಟೆಯಲ್ಲಿ ಅದನ್ನು ಕುಡಿದು, ವಾಂತಿ ಮಾಡಿಕೊಂಡು, ಇದ್ದ ಶಕ್ತಿಯನ್ನೂ ಕಳೆದುಕೊಂಡು ಬಂದವರನ್ನು ಕಂಡಿದ್ದೇನೆ. ಗಂಜಿ, ಒಆರ್‌ಎಸ್, ಎಳನೀರು, ಮಜ್ಜಿಗೆ ಗುಟುಕು ಗುಟುಕಾಗಿ ಕುಡಿಯುತ್ತಿರು. ಸುಸ್ತು ಕೆಲವು ವಾರ ಎಳೆಯಬಹುದು, ಅದಕ್ಕೆ ಹೆದರಬೇಡ.

ಗೃಹಿಣಿ, ತುಮಕೂರು:

ನಮ್ಮ ಜನಕ್ಕೆ ಹೆಣ್ಣುಮಗಳನ್ನು ಮಲಗಿಸಿ ನೋಡಿಕೊಳ್ಳಲು ಬರುವುದಿಲ್ಲ ಎಂದೇನೂ ಇಲ್ಲ. ಬಾಣಂತಿಗೆ ತಣ್ಣೀರು ಮುಟ್ಟಲು ಬಿಡುವುದಿಲ್ಲ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ತಿಂಗಳುಗಟ್ಟಲೆ ಆರೈಕೆ. ಅದಕ್ಕೆ ಯಾವ ಬಾಣಂತಿಯೂ ನಾಚಿಕೊಂಡದ್ದನ್ನು ನಾನು ಕಂಡಿಲ್ಲ. ಅದೇ ಹೆಣ್ಣು ಜ್ವರ ಬಂದು ಮಲಗಿದರೆ ಸೋಮಾರಿ ಎನ್ನಿಸಿಕೊಂಡೇನು ಎಂದು ಅಂಜುತ್ತಾಳೆ. ಮಗುವಿನ ಹೆಸರಿನಲ್ಲಿ ಸಿಗುವ ವಿಶ್ರಾಂತಿ ಅವಳ ಸ್ವಂತ ಹೆಸರಿನಲ್ಲಿ ಸಿಗುವುದಿಲ್ಲ, ಅಷ್ಟೇ. ನನ್ನ ಸೊಸೆಗೆ ಚಿಕೂನ್‌ಗುನ್ಯಾ ಬಂದು ಗಂಟುಗಂಟು ಹಿಡಿದಾಗ, ಇದೂ ಒಂದು ಬಾಣಂತನ ಎಂದುಕೊಂಡು ಮಲಗು ಎಂದಿದ್ದೆ. ನಕ್ಕಳು, ಆದರೆ ಮಲಗಿದಳು.

ಡಬ್ಬಿಯ ಚಿಂತೆ ಬಿಡಿ. ಒಂದು ಚಮಚ ಸಕ್ಕರೆ ಹಾಕಿ ಮಕ್ಕಳ ಕೈಯಲ್ಲಿ ಕಳುಹಿಸಿ, ನಮ್ಮ ಅತ್ತೆ ಹಾಗೇ ಮಾಡುತ್ತಿದ್ದರು. ಅದೂ ಆಗದಿದ್ದರೆ ಮುಂದಿನ ಹಬ್ಬಕ್ಕೆ ಒಬ್ಬಟ್ಟು ಮಾಡುವವರೆಗೆ ನಿಮ್ಮಲ್ಲೇ ಇರಲಿ. ಡಬ್ಬಿ ಎಲ್ಲಿದೆ ಎಂದು ಕೊಟ್ಟವರಿಗೆ ಗೊತ್ತಿದೆ.

ಗಾರ್ಮೆಂಟ್ಸ್ ನೌಕರಳು, ಬೆಂಗಳೂರು:

ಅಕ್ಕ, ಎಲ್ಲರೂ ಮಲಗು ಎನ್ನುತ್ತಾರೆ, ಸಂಬಳದ ಮಾತು ಯಾರೂ ಎತ್ತುವುದಿಲ್ಲ. ನಿಮ್ಮ ಸಂಬಳದ ಚೀಟಿ ತೆಗೆದು ನೋಡಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ಎಂದು ಶೇ 0.75 ಕಡಿತವಾಗಿರುತ್ತದೆ, ಮಾಲೀಕರ ಪಾಲು ಶೇ 3.25. ಅದು ಬರೀ ಔಷಧಕ್ಕಲ್ಲ. ಲೆಕ್ಕಕ್ಕೆ ಹಿಡಿಯುವ ಆರು ತಿಂಗಳ ಅವಧಿಯಲ್ಲಿ 78 ದಿನಗಳ ವಂತಿಗೆ ಕಟ್ಟಿದ್ದರೆ, ಕಾಯಿಲೆಯ ರಜೆಗೆ ದಿನಗೂಲಿಯ ಶೇ 70ರಷ್ಟು ಹಣ ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಇಲ್ಲ. ಇಎಸ್‌ಐ ಚಿಕಿತ್ಸಾಲಯದ ವೈದ್ಯರು ಕೊಡುವ ಪ್ರಮಾಣಪತ್ರ ಬೇಕೇ ಬೇಕು. ನೀವು ಖಾಸಗಿಯಾಗಿ ತೋರಿಸಿದ್ದರೆ ಆ ಚೀಟಿ, ರಕ್ತಪರೀಕ್ಷೆಯ ವರದಿ ಎರಡನ್ನೂ ಯಜಮಾನರ ಕೈಯಲ್ಲಿ ಇವತ್ತೇ ಅಲ್ಲಿಗೆ ಕಳುಹಿಸಿ, ಏನು ಮಾಡಬೇಕೆಂದು ಕೇಳಿಸಿ. ಆಟೋದವರಿಗೆ ಈ ಒಂದು ಬಾಡಿಗೆ ಮನೆಯ ಲೆಕ್ಕಕ್ಕೆ ಹೋಗಲಿ.

ಟಾರ್ಗೆಟ್ ಮುಗಿದಿಲ್ಲ, ನಾಳೆ ಬರದಿದ್ದರೆ ಬರುವುದೇ ಬೇಡ ಎಂದು ನಮ್ಮ ಲೈನಿನ ಮೇಲ್ವಿಚಾರಕರೂ ಅಂದಿದ್ದರು. ಈ ಹಣ ಪಡೆಯುತ್ತಿರುವ ಅವಧಿಯಲ್ಲಿ ಕೆಲಸದಿಂದ ತೆಗೆಯುವಂತಿಲ್ಲ ಎಂದು ಆಗ, 2025ರ ನವೆಂಬರ್‌ವರೆಗೆ, ಜಾರಿಯಲ್ಲಿದ್ದ 1948ರ ಇಎಸ್‌ಐ ಕಾಯ್ದೆಯಲ್ಲಿತ್ತು. ಅದರಲ್ಲಿ ಇನ್ನೊಂದು ಮಾತೂ ಇತ್ತು, ಕೇಳಿ ನನಗೇ ನಗು ಬಂತು: ಹಣ ಪಡೆಯುವವರು ಚೇತರಿಕೆಗೆ ಅಡ್ಡಿಯಾಗುವ ಯಾವುದನ್ನೂ ಮಾಡಬಾರದಂತೆ. ಸರ್ಕಾರವೇ ಮಲಗು ಎಂದ ಮೇಲೆ ನೀವೇಕೆ ಏಳುತ್ತೀರಿ?

ಶಾಲಾ ಶಿಕ್ಷಕ, ದಾವಣಗೆರೆ:

ನನ್ನ ಹೆಂಡತಿಗೆ ಡೆಂಗಿಯಾದಾಗ ಬಂದವರೆಲ್ಲ "ಏನಾದರೂ ಬೇಕಿದ್ದರೆ ಹೇಳಿ" ಎನ್ನುತ್ತಿದ್ದರು, ಅವಳು "ಏನೂ ಬೇಡ" ಎನ್ನುತ್ತಿದ್ದಳು. ಇಬ್ಬರಿಗೂ ಕಷ್ಟವಿಲ್ಲದ ಸಂಭಾಷಣೆ. ಕೊನೆಗೆ ಅವಳ ಪರವಾಗಿ ನಾನೇ ಕೇಳತೊಡಗಿದೆ. ಎದುರುಮನೆಯವರಿಗೆ ನೀರು ಹಿಡಿಯುವ ಕೆಲಸ, ಮೇಲಿನ ಮನೆಯ ಹುಡುಗನಿಗೆ ಮಗಳನ್ನು ಶಾಲೆಯಿಂದ ಕರೆತರುವ ಕೆಲಸ. ಯಾರೂ ಮುಖ ಗಂಟಿಕ್ಕಲಿಲ್ಲ. ಹೇಳಿದ್ದು ಒಳ್ಳೆಯದಾಯಿತು ಎಂದವರೇ ಹೆಚ್ಚು. ನಿಮ್ಮ ಯಜಮಾನರೂ ಹೀಗೆ ಕೇಳಲಿ.

ನಿಮ್ಮ ವಠಾರದವರಿಗೆ ಒಂದು ಕೆಲಸ ನಾನೇ ಹೇಳುತ್ತೇನೆ. ನೀರಿನ ಡ್ರಮ್ಮುಗಳನ್ನು ಖಾಲಿ ಮಾಡಿ ಒಳಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜಬೇಕು, ವಾರಕ್ಕೊಮ್ಮೆ. ಡೆಂಗಿ ಹರಡುವ ಸೊಳ್ಳೆಯ ಮೊಟ್ಟೆ ನೀರಿನ ಅಂಚಿನಲ್ಲಿ ಅಂಟಿಕೊಂಡಿರುತ್ತದೆ, ಬರೀ ನೀರು ಚೆಲ್ಲಿದರೆ ಹೋಗುವುದಿಲ್ಲ. ಅದು ಕಚ್ಚುವುದು ಹಗಲಿನಲ್ಲಿ, ಹಾಗಾಗಿ ಹಗಲೂ ಪರದೆಯೊಳಗೆ ಮಲಗಿ. ರೋಗಿಯನ್ನು ಕಚ್ಚಿದ ಸೊಳ್ಳೆಯಿಂದಲೇ ಪಕ್ಕದ ಮನೆಗೂ ಕಾಯಿಲೆ ಹೋಗುವುದು. 2024ರಲ್ಲಿ ನಮ್ಮ ರಾಜ್ಯ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದು ಸುಮ್ಮನೆ ಅಲ್ಲ.

ವಿದ್ಯಾರ್ಥಿ, ಧಾರವಾಡ:

ಒಂದೇ ಮಾತು. ನೋಡಲು ಬಂದು ಮಂಚದ ಮೇಲೆ ಕೂತು ಯಾರ ಯಾರ ಪ್ಲೇಟ್‌ಲೆಟ್ ಎಷ್ಟಕ್ಕೆ ಇಳಿದಿತ್ತು ಎಂದು ವರದಿ ಒಪ್ಪಿಸುವವರಿಗೆ ಬಾಗಿಲಲ್ಲೇ ಕೈಮುಗಿಯಿರಿ. ಅದು ನೆರವಲ್ಲ.

ಕೇಳಿದವರು:

ಎಲ್ಲರಿಗೂ ನಮಸ್ಕಾರ. ಎದುರುಮನೆಯ ಅಜ್ಜಿಗೆ ಹೇಳಿ ಕಳುಹಿಸಿದೆ. ಹೂ ಕಟ್ಟುವ ಬುಟ್ಟಿ ಹಿಡಿದುಕೊಂಡೇ ಬಂದು ಬಾಗಿಲ ಬಳಿ ಕೂತಿದ್ದಾರೆ. ನೀರು ಹಿಡಿಯಲು ಅವರ ಮೊಮ್ಮಗ ಒಪ್ಪಿದ್ದಾನೆ. ಯಜಮಾನರು ಇಎಸ್‌ಐಗೆ ಹೋಗಿದ್ದಾರೆ. ಸಂಜೆ ಮತ್ತೆ ರಕ್ತಪರೀಕ್ಷೆ ಇದೆ. ಮಲಗಿದ್ದೇನೆ, ಆದರೆ ಅಜ್ಜಿ ನಮ್ಮ ಪಾತ್ರೆಗೂ ಕೈಹಾಕುತ್ತಾರೇನೋ ಎಂದು ನೋಡುತ್ತಿದ್ದೇನೆ.

ನಿವೃತ್ತ ನರ್ಸ್, ಮೈಸೂರು:

ಹಾಕಿದರೆ ಹಾಕಲಿ ಬಿಡು. ವರದಿ ಬಂದಾಗ ಪ್ಲೇಟ್‌ಲೆಟ್ ಒಂದನ್ನೇ ನೋಡಬೇಡ, ಹೆಮಟೊಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಏರಿದೆಯೇ ಎಂದೂ ವೈದ್ಯರನ್ನು ಕೇಳು. ಪರೀಕ್ಷೆಗೆ ನಡೆದುಕೊಂಡು ಹೋಗಬೇಡ, ಮನೆಯಲ್ಲೇ ಆಟೋ ಇದೆಯಲ್ಲ.