ಸಹಾಯ ಬೇಕು: ಎಲ್‌ಆರ್‌ಯು ಕ್ಯಾಶ್ ಆದಮೇಲೆ ಬರುವ ಥ್ರೆಡ್ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸಾಫ್ಟ್‌ವೇರ್ ಸಂದರ್ಶನದ 45 ನಿಮಿಷದ ಕೋಡಿಂಗ್ ಸುತ್ತಿಗೆ ತಯಾರಿ ನಡೆದಿದೆ. ಒಂದು ವಿಷಯದಲ್ಲಿ ಬಲ್ಲವರು ದಾರಿ ತೋರಿಸಬೇಕು.

ಮೂಲ ಪ್ರಶ್ನೆ, ಅಂದರೆ ಎಲ್‌ಆರ್‌ಯು ಕ್ಯಾಶ್ (ಜಾಗ ತುಂಬಿದಾಗ ಬಹಳ ಹೊತ್ತಿನಿಂದ ಬಳಸದ ಕೀಯನ್ನು ತೆಗೆದುಹಾಕುವ ತಾತ್ಕಾಲಿಕ ಸಂಗ್ರಹ) ಬರೆಯುವುದು, ಕಷ್ಟದ್ದಲ್ಲ. ಕೀಯಿಂದ ನೋಡನ್ನು ಹುಡುಕಲು ಹ್ಯಾಶ್ ಮ್ಯಾಪ್, ಜೊತೆಗೆ ಬಳಕೆಯ ಕ್ರಮ ಇಡಲು ಡಬ್ಲಿ ಲಿಂಕ್ಡ್ ಲಿಸ್ಟ್ (ಹಿಂದೆ ಮುಂದೆ ಎರಡೂ ಕಡೆ ಕೊಂಡಿ ಇರುವ ನೋಡ್‌ಗಳ ಸರಣಿ). ಗೆಟ್ (ಓದುವುದು), ಪುಟ್ (ಬರೆಯುವುದು) ಎರಡೂ ಸರಾಸರಿ ಸ್ಥಿರ ಸಮಯ. ತಲೆಗೊಂದು, ಬಾಲಕ್ಕೊಂದು ಡಮ್ಮಿ ನೋಡ್ ಇಟ್ಟರೆ ನಲ್ ತಪಾಸಣೆಯ ಗೋಜಿಲ್ಲ. ಸಾಮಾನ್ಯವಾಗಿ ಎಡವುವುದು ಹಳೆಯ ನೋಡನ್ನು ಲಿಸ್ಟ್‌ನಿಂದ ಕಿತ್ತು ಮ್ಯಾಪ್‌ನಲ್ಲಿ ಹಾಗೇ ಬಿಟ್ಟಾಗ. ಅದಕ್ಕೇ ನೋಡ್ ಒಳಗೆ ಕೀಯನ್ನೂ ಇಡಬೇಕು. ಇರುವ ಕೀಗೇ ಪುಟ್ ಬಂದರೆ ಅದನ್ನು ಮುಂದಕ್ಕೆ ತರುವುದನ್ನೂ ಮರೆಯಬಾರದು.

ನಿಜವಾದ ತೊಡಕು "ಹಲವು ಥ್ರೆಡ್‌ಗಳು (ಒಂದೇ ಪ್ರೋಗ್ರಾಮಿನಲ್ಲಿ ಏಕಕಾಲಕ್ಕೆ ಓಡುವ ಕೆಲಸದ ಎಳೆಗಳು) ಒಟ್ಟಿಗೆ ಬಂದರೆ?" ಎಂದಾಗ. ರೀಡ್-ರೈಟ್ ಲಾಕ್ (ಓದುವವರು ಹಲವರು ಒಟ್ಟಿಗೆ, ಬರೆಯುವವರು ಒಬ್ಬರೇ) ಅಂತ ಥಟ್ಟನೆ ಬಾಯಿಗೆ ಬರುತ್ತದೆ. ಆದರೆ ಗೆಟ್ ಕೂಡ ನೋಡನ್ನು ಲಿಸ್ಟ್‌ನ ಮುಂದಕ್ಕೆ ಜರುಗಿಸುತ್ತದೆ. ಬರೀ ರೀಡ್ ಲಾಕ್ ಹಿಡಿದು ಪಾಯಿಂಟರ್ ಬದಲಿಸಿದರೆ ಲಿಸ್ಟ್ ಕೆಡುತ್ತದೆ. ಒಂದೇ ಮ್ಯೂಟೆಕ್ಸ್ (ಒಮ್ಮೆಗೆ ಒಂದೇ ಥ್ರೆಡ್‌ಗೆ ಒಳಬಿಡುವ ಲಾಕ್) ಸುರಕ್ಷಿತ, ಆದರೆ ಎಲ್ಲ ಥ್ರೆಡ್‌ಗಳೂ ಸಾಲಿನಲ್ಲಿ ಕಾಯುತ್ತವೆ. ಕೀಯ ಹ್ಯಾಶ್ ಪ್ರಕಾರ 16 ಭಾಗ ಮಾಡಿ ಭಾಗಕ್ಕೊಂದು ಲಾಕ್ ಕೊಟ್ಟರೆ ಕಾಯುವುದು ತಗ್ಗುತ್ತದೆ, ಬದಲಿಗೆ ಕ್ಯಾಶ್‌ನ ಒಟ್ಟಾರೆ ಕ್ರಮ ಹೋಗಿ ಆಯಾ ಭಾಗದೊಳಗಿನ ಕ್ರಮ ಮಾತ್ರ ಉಳಿಯುತ್ತದೆ. ಇದು ಒಪ್ಪಬಹುದಾದ ರಾಜಿ ಎಂದೇ ನನ್ನ ಅಭಿಪ್ರಾಯ. ಕ್ಯಾಶ್ ಆಗಿ ಬಳಸುವ ಡೇಟಾಬೇಸ್ ರೆಡಿಸ್ ಕೂಡ ನಿಖರ ಎಲ್‌ಆರ್‌ಯು ಬಿಟ್ಟು ಕೆಲವೇ ಕೀಗಳ ಮಾದರಿಯಿಂದ ಹಳೆಯದನ್ನು ಆರಿಸುತ್ತದೆ.

ಸಂದರ್ಶನ ನಡೆಸುವವರು ಇದ್ದರೆ ದಯವಿಟ್ಟು ತಿಳಿಸಿ: ಕೊನೆಯ 10 ನಿಮಿಷದಲ್ಲಿ ಮ್ಯೂಟೆಕ್ಸ್ ಕೋಡ್ ಬರೆದು, ಭಾಗ ಮಾಡುವ ಉಪಾಯವನ್ನು ಬಾಯಲ್ಲಿ ವಿವರಿಸಿದರೆ ಸಾಕೇ? ಹೆಚ್ಚು ಬೇಡಿಕೆಯ ಕೀಗಳೆಲ್ಲ ಒಂದೇ ಭಾಗಕ್ಕೆ ಬಿದ್ದರೆ ಯಾವ ಉತ್ತರ ನಿರೀಕ್ಷಿಸುತ್ತೀರಿ?