ಮಾತು ಬಾರದ ಮಗಳಿಗೆ ಯಾವ ಟ್ಯಾಬ್, ಯಾವ ಆ್ಯಪ್ ತಗೊಳ್ಳಲಿ?

ದಾವಣಗೆರೆ ಅಮ್ಮ:
ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಆರು ವರ್ಷ. ಹುಟ್ಟಿದಾಗ ಜಾಂಡಿಸ್ ತುಂಬಾ ಏರಿ ರಕ್ತ ಬದಲಾಯಿಸಿದ್ದರು. ಆಮೇಲೆ ಅಥೆಟಾಯ್ಡ್ ಸೆರೆಬ್ರಲ್ ಪಾಲ್ಸಿ ಅಂದರು, ಮೆದುಳಿಗೆ ಪೆಟ್ಟಾಗಿ ಕೈಕಾಲು ಹಿಡಿತಕ್ಕೆ ಸಿಗದೆ ಓಲಾಡುವುದಂತೆ. ಅವಳಿಗೆ ಎಲ್ಲ ಗೊತ್ತಾಗುತ್ತದೆ. ಅಪ್ಪನ ಬೈಕ್ ಸದ್ದಾದರೆ ಬಾಗಿಲ ಕಡೆ ತಿರುಗುತ್ತಾಳೆ, ಅಜ್ಜಿ ಸುಮ್ನೆ ಗದರಿದಂತೆ ಮಾಡಿದರೆ ಕಿಲಕಿಲ ನಗುತ್ತಾಳೆ. ಬಾಯಲ್ಲಿ ಮಾತ್ರ 'ಮ್ಮಾ' ಬಿಟ್ಟು ಬೇರೆ ಬರುವುದಿಲ್ಲ.

ಅಣ್ಣನ ಮಗನ ಹಳೇ ಟ್ಯಾಬ್ ಕೊಟ್ಟು ನೋಡಿದೆವು. ಬೆರಳಿಡಲು ಹೋದರೆ ಕೈಯೇ ಎಲ್ಲೋ ಹೋಗುತ್ತದೆ, ಪಕ್ಕದ ಚಿತ್ರ ಒತ್ತಿ ಹೋಗಿ ಅಳುತ್ತಾಳೆ. ಒಂದು ಕ್ಲಿನಿಕ್‌ನಲ್ಲಿ ಕಣ್ಣಿನಿಂದ ನಡೆಸುವ ಮಷೀನ್ ತಗೊಳ್ಳಿ ಅಂದರು, ಅದಕ್ಕೆ ಲಕ್ಷಗಟ್ಟಲೆ. ಇನ್ನೊಂದು ಕಡೆ ಮಾತಿನ ಬದಲು ಚಿತ್ರ ಕೊಟ್ಟರೆ ಮಾತೇ ಬರಲ್ಲ, ಕಾಯಿರಿ ಅಂದರು. ನಮ್ಮ ಯಜಮಾನರು ಸಾಲ ಮಾಡಿಯಾದರೂ ತರೋಣ ಅನ್ನುತ್ತಾರೆ. ಏನು ಮಾಡಲಿ?

ಸ್ಪೀಚ್ ಥೆರಪಿಸ್ಟ್, ಮೈಸೂರು:
ನೋಡಿ ಅಮ್ಮ, ಸಾಲ ಈಗ ಬೇಡ. ಕಾಯುವುದೂ ಬೇಡ.

ಚಿತ್ರ ಕೊಟ್ಟರೆ ಮಾತು ಬರಲ್ಲ ಅನ್ನುವುದು ಸುಳ್ಳು. ಇದರ ಬಗ್ಗೆ ಅದುವರೆಗೆ ಆಗಿದ್ದ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ ಒಂದು ಪರಿಶೀಲನೆ 2006ರಲ್ಲಿ ಬಂತು. ಅದರಲ್ಲಿ ಗಟ್ಟಿ ಪುರಾವೆ ಇದ್ದವರ ಪೈಕಿ ಮಾತು ಕಮ್ಮಿಯಾದವರು ಒಬ್ಬರೂ ಇರಲಿಲ್ಲ, ಹೆಚ್ಚಿನವರಿಗೆ ಸ್ವಲ್ಪ ಮಾತು ಹೆಚ್ಚೇ ಆಗಿತ್ತು. ಆರು ವರ್ಷದ ಮಗು ಹೊಟ್ಟೆನೋವು ಅಂತ ಹೇಳಲಾಗದೆ ಇರುವುದು ನನಗೆ ಸಹಿಸಲು ಆಗುವುದಿಲ್ಲ.

ಮೊದಲು ಕಿವಿ. ಜಾಂಡಿಸ್ ಮೆದುಳಿಗೆ ಏರಿದ್ದರೆ ಕೇಳಿಸುವ ನರಕ್ಕೂ ಏಟು ಬಿದ್ದಿರಬಹುದು. ಬೈಕ್ ಸದ್ದು ಗೊತ್ತಾದ ಮಾತ್ರಕ್ಕೆ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ ಅಂತಲ್ಲ. ಒಳಗಿವಿಯನ್ನಷ್ಟೇ ನೋಡುವ ಒಎಇ ಟೆಸ್ಟ್ ಒಂದೇ ಮಾಡಿಸಿ ಕಿವಿ ಸರಿಯಿದೆ ಅಂದುಕೊಳ್ಳಬೇಡಿ. ಅದು ಸರಿಯಾಗಿಯೇ ಬಂದು, ಕೇಳಿಸುವ ನರವನ್ನು ನೋಡುವ ಬೆರಾ ಟೆಸ್ಟ್‌ನಲ್ಲಿ ತೊಂದರೆ ಕಾಣುವ ಮಕ್ಕಳಿದ್ದಾರೆ. ಎರಡೂ ಆಗಬೇಕು.

ಕಣ್ಣೂ ಅಷ್ಟೇ. ಇಂಥ ಕೆಲವು ಮಕ್ಕಳಿಗೆ ಕಣ್ಣನ್ನು ಮೇಲಕ್ಕೆ ಎತ್ತುವುದು ಕಷ್ಟ. 'ಹೌದು ಅನ್ನೋಕೆ ಮೇಲೆ ನೋಡು' ಅಂತ ಕಲಿಸಿ, ಮಗುವಿಗೆ ತಿಳಿಯಲಿಲ್ಲ ಅಂತ ಬರೆದುಬಿಡುತ್ತಾರೆ. ನಿಮ್ಮ ಮಗಳು ಎಡ–ಬಲ ಸಲೀಸಾಗಿ ನೋಡುತ್ತಾಳಾ, ಮೇಲೆ–ಕೆಳಗೆ ನೋಡುತ್ತಾಳಾ, ಗಮನಿಸಿ.

ಆಮೇಲೆ ಕೂರಿಸುವುದು. ಸೊಂಟ ಹಿಂದಕ್ಕೆ ಒರಗಿ, ಪಾದ ಊರಿಕೊಂಡು, ಮುಂದೆ ಟ್ರೇ ಇದ್ದರೆ ಕೈಯ ಓಲಾಟ ಎಷ್ಟೋ ಕಮ್ಮಿಯಾಗುತ್ತದೆ. ಫಿಸಿಯೊ ಜೊತೆ ಇದನ್ನು ಸರಿಮಾಡಿಕೊಂಡ ಮೇಲೆಯೇ ಟ್ಯಾಬ್ ಕೊಟ್ಟು ನೋಡಬೇಕು.

ಮನೆಯಲ್ಲಿ ಈ ವಾರವೇ ಒಂದು ಕೆಲಸ ಮಾಡಿ. ಅವಳಿಗೆ ತುಂಬಾ ಇಷ್ಟವಾದ ಒಂದು ವಸ್ತು, ಸ್ವಲ್ಪವೂ ಬೇಡದ ಒಂದು ವಸ್ತು, ಎರಡನ್ನೂ ಅಗಲವಾಗಿ ಹಿಡಿಯಿರಿ. 'ಯಾವುದು ಬೇಕು?' ಅಂತ ಕೇಳಿ ಸುಮ್ಮನಿರಿ. ಇಂಥ ಮಕ್ಕಳಿಗೆ ಉತ್ತರ ಹೊರಡಲು ಹೊತ್ತು ಬೇಕು, ನಡುವೆ ಮತ್ತೆ ಕೇಳಿದರೆ ಶುರುವಾದದ್ದೂ ನಿಂತುಹೋಗುತ್ತದೆ. ನೋಡಿದ್ದನ್ನು ತಕ್ಷಣ ಕೊಡಿ. ಇನ್ನೊಂದು ಸಲ ಕೈ ಅದಲುಬದಲು ಮಾಡಿ. ಆಗಲೂ ಇಷ್ಟದ್ದನ್ನೇ ನೋಡಿದರೆ ಆಯ್ಕೆ ಮಾಡುತ್ತಿದ್ದಾಳೆ. ಯಾವಾಗಲೂ ಬಲಗಡೆಗೇ ನೋಡಿದರೆ ಅದು ಬರೀ ರೂಢಿ ಇರಬಹುದು. 'ಸೇಬು ತೋರಿಸು, ಬಾಳೆಹಣ್ಣು ತೋರಿಸು' ಅಂತ ಪರೀಕ್ಷೆ ಮಾತ್ರ ಬೇಡ. ಗೊತ್ತಿದ್ದೂ ಬೇಸರಕ್ಕೆ ಕಣ್ಣು ಮುಚ್ಚುವ ಮಕ್ಕಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹಾಸನದ ಅಪ್ಪ:
ಅಕ್ಕ, ನನ್ನ ಮಗನೂ ಹೀಗೇ. ನಾವು ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತಂದು ನಡುವೆ ಒಂದು ಕಿಂಡಿ ಕೊರೆಸಿದೆವು. ನಾಲ್ಕು ಮೂಲೆಗೆ ವೆಲ್ಕ್ರೊ ಹಚ್ಚಿ ಚಿತ್ರ ಅಂಟಿಸುತ್ತೇವೆ. ಕಿಂಡಿಯಲ್ಲಿ ಅವನ ಮುಖ ನಮಗೆ ಕಾಣುತ್ತದೆ, ಯಾವ ಮೂಲೆಗೆ ನೋಡಿದ ಅಂತ ಗೊತ್ತಾಗುತ್ತದೆ. ಚಿತ್ರಗಳು ಸ್ಪೇನ್‌ನ ಅರಾಸಾಕ್ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಮನೆಯವರದ್ದಕ್ಕೆ ಫೋಟೊ ಹಾಕಿ.

ಬರೀ ತಿಂಡಿ, ನೀರು, ಟಾಯ್ಲೆಟ್ ಹಾಕಬೇಡಿ. ಕೇಳದೇ ಅದನ್ನೆಲ್ಲ ನಾವು ಕೊಡುತ್ತೇವಲ್ವಾ? ಬೇಡ, ಸಾಕು, ಇನ್ನೊಂದ್ಸಲ, ನೋವು, ನೀನು ಹೋಗು, ಯಾಕೆ, ಇವು ಇರಲಿ. ನನ್ನ ಮಗ ದಿನವೆಲ್ಲ ನೋಡುವುದು 'ನೀನು ಹೋಗು' ಚಿತ್ರವನ್ನೇ. ಅಕ್ಕನನ್ನು ಹಾಗೆ ಕಳಿಸಿ ಜೋರಾಗಿ ನಗುತ್ತಾನೆ. ನೀವೂ ಮಾತಾಡುವಾಗ ಚಿತ್ರದ ಮೇಲೆ ಬೆರಳಿಡಿ. ನಾವು ಅದರಲ್ಲಿ ಮಾತಾಡದೆ ಮಕ್ಕಳು ಮಾತಾಡುವುದಿಲ್ಲ.

ನನ್ನ ಕೇಳಿದರೆ ಈ ಹಾಳೆ ಸಾಕು, ಟ್ಯಾಬ್ ಗೊಡವೆಯೇ ಬೇಡ.

ಸ್ಪೀಚ್ ಥೆರಪಿಸ್ಟ್, ಮೈಸೂರು:
ಸರ್, ನೀವು ಹೇಳಿದ್ದೆಲ್ಲ ಸರಿ, ಕೊನೆಯದು ಮಾತ್ರ ನಾನು ಒಪ್ಪುವುದಿಲ್ಲ. ಹಾಳೆ ಕೆಲಸ ಮಾಡಬೇಕಾದರೆ ಎದುರಿಗೆ ಒಬ್ಬರು ಕೂತಿರಬೇಕು. ಅಡುಗೆಮನೆಯಲ್ಲಿರುವ ಅಮ್ಮನನ್ನು ಕರೆಯಲು, ಕ್ಲಾಸಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಲು ದನಿ ಬೇಕೇ ಬೇಕು. ಹಾಳೆ ಇಂದಿನಿಂದಲೇ ಇರಲಿ, ದನಿಯ ದಾರಿಯನ್ನೂ ಜೊತೆಗೇ ಹುಡುಕೋಣ.

ಹಳೇ ಟ್ಯಾಬ್ ಎಸೆಯಬೇಡಿ ಅಮ್ಮ. ಪರದೆಯ ಮೇಲೆ ಕೂರಿಸುವ, ಪ್ರತಿ ಚಿತ್ರಕ್ಕೂ ಕಿಂಡಿ ಇರುವ ಪ್ಲಾಸ್ಟಿಕ್ ಮುಚ್ಚಳ ಬರುತ್ತದೆ, ಕೀಗಾರ್ಡ್ ಅಂತ. ಅದರ ಮೇಲೆ ಕೈ ಊರಿ ಬೆರಳು ಇಳಿಸಬಹುದು. ಕೈ ಆಗದಿದ್ದರೆ ತಲೆಯಿಂದ ಒತ್ತುವ ಸ್ವಿಚ್; ಚಿತ್ರಗಳು ಒಂದೊಂದಾಗಿ ಬರುವಾಗ ಬೇಕಾದದ್ದಕ್ಕೆ ಒತ್ತುವುದು. ಚಿತ್ರ ಒತ್ತಿದರೆ ಮಾತಾಡುವ ಆ್ಯಪ್‌ಗಳಿವೆ. ಐಐಟಿ ಬಾಂಬೆಯವರ ಜೆಲ್ಲೋ ಆ್ಯಪ್‌ಗೆ ದುಡ್ಡಿಲ್ಲ. ಚೆನ್ನೈನ ಅವಾಜ್ ಕೂಡ ನೋಡಿ. ಆಂಡ್ರಾಯ್ಡ್‌ನಲ್ಲಿ ಗೂಗಲ್‌ನ ಕನ್ನಡ ದನಿ ಇದೆ, ನಿಮ್ಮ ಮನೆ ಮಾತನ್ನೇ ಟೈಪ್ ಮಾಡಿ ಹೇಗೆ ಓದುತ್ತದೆ ಕೇಳಿ. ಇವೆಲ್ಲ ಆಗಲಿಲ್ಲ ಅಂದರೆ ಮಾತ್ರ ಕಣ್ಣಿನ ಮಷೀನ್. ಅದನ್ನೂ ಅವಳೇ ಬಳಸಿ ನೋಡದೆ ಕೊಳ್ಳಬೇಡಿ.

ದಾವಣಗೆರೆ ಅಮ್ಮ:
ತುಂಬಾ ಥ್ಯಾಂಕ್ಸ್ ಮೇಡಂ, ಥ್ಯಾಂಕ್ಸ್ ಅಣ್ಣ. ಇವತ್ತು ಲಾಡು, ಔಷಧಿ ಬಾಟಲಿ ಹಿಡಿದು ಕೇಳಿದೆ. ಕೈ ಬದಲಿಸಿದರೂ ಲಾಡನ್ನೇ ನೋಡಿದಳು! ಅತ್ತೆಯವರೇ ಇನ್ನೊಂದು ತಂದು ಕೊಟ್ಟರು. ಈ ಟೆಸ್ಟ್‌ಗಳನ್ನೆಲ್ಲ ಒಂದೇ ಕಡೆ ಎಲ್ಲಿ ಮಾಡಿಸಲಿ? ಏನೇನು ತರಬೇಕು?

ಸ್ಪೀಚ್ ಥೆರಪಿಸ್ಟ್, ಮೈಸೂರು:
ಭೇಷ್! ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಬನ್ನಿ. ಕಿವಿ ಪರೀಕ್ಷೆಯೂ ಅಲ್ಲೇ ಆಗುತ್ತದೆ, ಇಂಥ ಸಾಧನಗಳಿಗೆ ಬೇರೆ ವಿಭಾಗವೂ ಇದೆ. ಹುಟ್ಟಿದಾಗಿನ ಆಸ್ಪತ್ರೆ ಕಾಗದ, ಅವಳು ದಿನಾ ಕೂರುವ ಕುರ್ಚಿ, ಲಾಡು ನೋಡಿದ ಹಾಗೆ ಆಯ್ಕೆ ಮಾಡುವ ವಿಡಿಯೊ ತನ್ನಿ. ಹೊಸ ಜಾಗದಲ್ಲಿ ಮಕ್ಕಳು ಮನೆಯಲ್ಲಿದ್ದ ಹಾಗೆ ಇರುವುದಿಲ್ಲ, ವಿಡಿಯೊ ಇದ್ದರೆ ನೋಡುವವರಿಗೆ ಅವಳು ಏನೇನು ಮಾಡಬಲ್ಲಳು ಅಂತ ಗೊತ್ತಾಗುತ್ತದೆ. ಅತ್ತೆಯವರನ್ನೂ ಕರೆದುಕೊಂಡು ಬನ್ನಿ.